ಕಚ್ಚಾ ಬೈನರಿ ಕಡತದಿಂದ ಸರಿಯಾದ ವೋಲ್ಟೇಜ್ ಪಡೆದ ಬಗೆ

ನನ್ನದು 16 ಬಿಟ್‌ನ, ಪ್ಲಸ್-ಮೈನಸ್ 10 ವೋಲ್ಟ್ ವ್ಯಾಪ್ತಿಯ ದತ್ತಾಂಶ ಸಂಗ್ರಹ ಕಾರ್ಡು; ಅದು ವೋಲ್ಟೇಜನ್ನು ಅಳೆದು ಪ್ರತಿ ಮಾದರಿಯನ್ನೂ ಎರಡು ಬೈಟುಗಳ ಪೂರ್ಣಾಂಕವಾಗಿ (ಎಣಿಕೆಯಾಗಿ) ಕಡತಕ್ಕೆ ಬರೆಯುತ್ತದೆ. ಮಲ್ಟಿಮೀಟರ್ 1.5 ವೋಲ್ಟ್ ತೋರಿಸುವ ಬ್ಯಾಟರಿಯನ್ನು ಜೋಡಿಸಿದರೆ ಕಡತದಿಂದ ಓದಿದ ಬೆಲೆ 3.99 ಬರುತ್ತಿತ್ತು, ನಡುನಡುವೆ 4.07ಕ್ಕೆ ಜಿಗಿಯುತ್ತಿತ್ತು.

ಗುಣಕ ಬದಲಿಸಿದೆ, ಆಫ್‌ಸೆಟ್ (ಸ್ಥಿರ ವ್ಯತ್ಯಾಸ) ಕಳೆದೆ, ನೂರು ಮಾದರಿಗಳ ಸರಾಸರಿ ತೆಗೆದೆ. ಒಂದು ವೋಲ್ಟೇಜಿಗೆ ಹೊಂದಿಸಿದ ಗುಣಕ ಇನ್ನೊಂದಕ್ಕೆ ಕೆಡುತ್ತಿತ್ತು. ಕೇಬಲ್ ಬದಲಿಸಿದ್ದಂತೂ ಪೂರ್ತಿ ವ್ಯರ್ಥ.

ಸುಳಿವು ಇದ್ದದ್ದು ಆ ಜಿಗಿತದಲ್ಲೇ. ಅದು ಪ್ರತಿ ಸಲವೂ 0.078 ವೋಲ್ಟ್, ಅಂದರೆ ಸರಿಯಾಗಿ 256 ಎಣಿಕೆ. ನಿಜವಾದ ನಾಯ್ಸ್ (ಸಂಕೇತದಲ್ಲಿನ ಗದ್ದಲ) ಹೀಗೆ ಅಳತೆ ಹಿಡಿದು ಜಿಗಿಯುವುದಿಲ್ಲ. ಕಡತವನ್ನು ಹೆಕ್ಸ್ ವೀಕ್ಷಕದಲ್ಲಿ (ಬೈಟುಗಳನ್ನು 16ರ ಆಧಾರದ ಅಂಕಿಗಳಲ್ಲಿ ತೋರಿಸುವ ಪ್ರೋಗ್ರಾಂನಲ್ಲಿ) ತೆರೆದಾಗ 13 33, 13 33, 13 34 ಎಂದು ಸಾಲಾಗಿ ಕಂಡಿತು. ಕಾರ್ಡು ಹಿರಿಯ ಬೈಟನ್ನು (256ರಿಂದ ಗುಣಿಸಬೇಕಾದದ್ದನ್ನು) ಮೊದಲು ಬರೆಯುತ್ತದೆ. ನನ್ನ ಪ್ರೋಗ್ರಾಂ ಅದನ್ನೇ ಕಿರಿಯದೆಂದು ಓದುತ್ತಿತ್ತು; ಹಾಗಾಗಿ 33ರಿಂದ 34ಕ್ಕೆ ಆದ ಒಂದೇ ಎಣಿಕೆಯ ಬದಲಾವಣೆ 256 ಆಗಿ ಕಾಣುತ್ತಿತ್ತು.

ಕ್ರಮ ಹೀಗಿರಲಿ: ಮೊದಲು ಎರಡು ಬೈಟುಗಳನ್ನು ಬಿಗ್ ಎಂಡಿಯನ್ (ಹಿರಿಯ ಬೈಟು ಮೊದಲು) ಆಗಿ ಜೋಡಿಸಿ. ಬಂದ ಸಂಖ್ಯೆ 32767ಕ್ಕಿಂತ ಹೆಚ್ಚಿದ್ದರೆ 65536 ಕಳೆಯಿರಿ; ಅದು ಮೈನಸ್ ವೋಲ್ಟೇಜಿನ ಎಣಿಕೆ. ಆಮೇಲೆ 20ರಿಂದ ಗುಣಿಸಿ 65536ರಿಂದ ಭಾಗಿಸಿ; ಪೂರ್ಣಾಂಕ ಭಾಗಾಕಾರ ಬೇಡ, ದಶಮಾಂಶವೇ ಇರಲಿ. ಈಗ 13 33, ಅಂದರೆ 4915 ಎಂಬ ಎಣಿಕೆ, 1.49994 ವೋಲ್ಟ್ ಕೊಡುತ್ತದೆ. ಎರಡನೆಯ ಹೆಜ್ಜೆಯನ್ನು ಬಿಡಬೇಡಿ: ಬ್ಯಾಟರಿಯನ್ನು ತಿರುಗಿಸಿ ಜೋಡಿಸಿದಾಗ ಅದಿಲ್ಲದೆ ಮೈನಸ್ 1.5ರ ಬದಲು 18.5 ಬಂದಿತ್ತು.