ಲ್ಯಾಪ್‌ಟಾಪ್ ಟೈಮ್ ಪದೇ ಪದೇ ಹಿಂದೆ ಬೀಳ್ತಿದ್ಯಾ? ಬ್ಯಾಟರಿ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಲ್ಯಾಪ್‌ಟಾಪ್ ಸರಿಯಾದ ಟೈಮ್ ತೋರಿಸ್ತಿಲ್ಲ ಅಂತ ಯಾರಿಗೆ ಹೇಳಿದ್ರೂ ಬರೋ ಉತ್ತರ ಒಂದೇ, ಸಿಮೋಸ್ ಬ್ಯಾಟರಿ (ಆಫ್ ಇದ್ದಾಗ್ಲೂ ಒಳಗಿನ ಗಡಿಯಾರ ಓಡಿಸೋ ಚಿಕ್ಕ ಬ್ಯಾಟರಿ) ಹೋಗಿದೆ ಚೇಂಜ್ ಮಾಡ್ಸಿ. ಎಷ್ಟೋ ಸಲ ಅದು ನಿಜಾನೇ. ಆದ್ರೆ ಹೊಸ ಬ್ಯಾಟರಿ ಹಾಕ್ಸಿದ್ಮೇಲೂ ಟೈಮ್ ಹಿಂದೇನೇ ಬೀಳ್ತಿದೆ ಅಂತ ತಲೆ ಕೆರ್ಕೊಳ್ಳೋರೂ ಬೇಕಾದಷ್ಟು ಜನ ಇದಾರೆ, ಯಾಕಂದ್ರೆ ಅವ್ರ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿದು ತಪ್ಪೇ ಇರಲ್ಲ. ಅದಕ್ಕೇ ಮೊದ್ಲು ಗಮನಿಸ್ಬೇಕಾದ್ದು, ಟೈಮ್ ತಪ್ಪೋದು ಯಾವಾಗ ಅಂತ. ಆಫ್ ಮಾಡಿ ಇಟ್ಟಾಗ್ಲಾ, ಆನ್ ಇದ್ದಾಗ್ಲೇನಾ, ಇಲ್ಲಾ ಪ್ರತಿ ಸಲಾನೂ ಅಳತೆ ಮಾಡ್ದಂಗೆ ಅಷ್ಟೇ ಗಂಟೆ ವ್ಯತ್ಯಾಸ ಬರ್ತಿದ್ಯಾ.

ಇದ್ಯಾಕೆ ಮುಖ್ಯ ಅಂದ್ರೆ ಒಳಗಿರೋದು ಒಂದಲ್ಲ, ಎರಡು ಗಡಿಯಾರ. ಮದರ್‌ಬೋರ್ಡ್ ಮೇಲೆ ಆರ್‌ಟಿಸಿ ಅನ್ನೋ ಒಂದು ಸಣ್ಣ ಸರ್ಕ್ಯೂಟ್ ಇರುತ್ತೆ, ಅದ್ರ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಲ್ಯಾಪ್‌ಟಾಪ್ ಆಫ್ ಇದ್ರೂ ಚಿಕ್ಕ ಬ್ಯಾಟರಿಯಿಂದ ಪವರ್ ತಗೊಂಡು ಲೆಕ್ಕ ಇಡ್ತಾ ಇರುತ್ತೆ. ಆನ್ ಮಾಡ್ದಾಗ ವಿಂಡೋಸೋ ಲಿನಕ್ಸೋ ಅದ್ರಿಂದ ಟೈಮ್ ಓದ್ಕೊಂಡು ಆಮೇಲೆ ತನ್ನ ಪಾಡಿಗೆ ತಾನು ಎಣಿಸ್ಕೊಂಡು ಹೋಗುತ್ತೆ. ಸೋ ಕೆಲ್ಸ ಮಾಡ್ತಾ ಮಾಡ್ತಾನೇ ನಿಮಿಷಗಟ್ಟಲೆ ಹಿಂದೆ ಬೀಳ್ತಿದ್ರೆ ಸಿಮೋಸ್ ಬ್ಯಾಟರಿ ಚೇಂಜ್ ಮಾಡಿ ಏನೂ ಉಪಯೋಗ ಇಲ್ಲ. ಇನ್ನು ದಿನಕ್ಕೆ ಒಂದೆರಡು ಸೆಕೆಂಡ್ ಆಚೆ ಈಚೆ ಆಗೋದು ಈ ಕ್ರಿಸ್ಟಲ್‌ಗಳ ಹಣೆಬರಹ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ.

ಈಗ ಟೆಸ್ಟ್. ರಾತ್ರಿ ಮಲಗೋಕೆ ಮುಂಚೆ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚೆ ಬರೋ ಸೆಟ್ಟಿಂಗ್ಸ್ ಪರದೆಗೆ ಹೋಗಿ (ಆನ್ ಆಗ್ತಿದ್ದಂಗೇ ಒತ್ಬೇಕಾದ ಕೀ ಸಾಮಾನ್ಯವಾಗಿ ಎಫ್2, ಡಿಲೀಟ್, ಎಸ್ಕೇಪ್ ಇಲ್ಲಾ ಎಫ್10, ಕಂಪನಿ ಮೇಲೆ ಹೋಗುತ್ತೆ). ಅಲ್ಲಿ ಡೇಟು ಟೈಮು ಮೊಬೈಲ್ ನೋಡ್ಕೊಂಡು ಸರಿ ಮಾಡಿ, ಸೇವ್ ಮಾಡಿ, ಪವರ್ ಆಫ್ ಮಾಡಿ, ಚಾರ್ಜರ್ ಕಿತ್ತಿಡಿ. ಬ್ಯಾಟರಿ ಸುಲಭವಾಗಿ ಹೊರಗೆ ಬರೋ ಮಾಡೆಲ್ ಆದ್ರೆ ಅದನ್ನೂ ತೆಗೀರಿ. ಬೆಳಗ್ಗೆ ಆನ್ ಮಾಡಿದ ತಕ್ಷಣ ವಿಂಡೋಸ್‌ಗೆ ಬಿಡ್ದೇ ಸೀದಾ ಬಯೋಸ್‌ಗೇ ಹೋಗಿ ಟೈಮ್ ನೋಡಿ. ಇಲ್ಲೇ ತುಂಬಾ ಜನ ಎಡವೋದು, ವಿಂಡೋಸ್ ಓಪನ್ ಆಗಿ ನೆಟ್ ಸಿಕ್ಕಿದ್ರೆ ಅದೇ ಟೈಮ್ ಸರಿ ಮಾಡ್ಕೊಂಡ್ಬಿಡುತ್ತೆ, ನೀವು ನೋಡೋ ಹೊತ್ತಿಗೆ ಸಾಕ್ಷಿನೇ ಇರಲ್ಲ.

ಬಯೋಸ್‌ನಲ್ಲೇ ಟೈಮ್ ನಿಂತ್ಹೋಗಿದ್ರೆ ಅಥ್ವಾ ಯಾವುದೋ ಹಳೇ ವರ್ಷದ ಜನವರಿ 1ಕ್ಕೆ ಹೋಗಿ ಕೂತಿದ್ರೆ ಬ್ಯಾಟರಿ ಕಡೆ ನೋಡ್ಬಹುದು. ಅಲ್ಲಿ ಸರಿಯಾಗೇ ಇದ್ರೆ ಸಮಸ್ಯೆ ಸಾಫ್ಟ್‌ವೇರ್‌ದು.

ಸಾಫ್ಟ್‌ವೇರ್ ಕಡೆ ಮೊದ್ಲು ಟೈಮ್ ಝೋನ್ ನೋಡಿ, ಗಂಟೆ ಲೆಕ್ಕದಲ್ಲಿ ತಪ್ಪಿದ್ರೆ ಮುಕ್ಕಾಲು ಪಾಲು ಅದೇ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್, ಅದ್ರೊಳಗೆ ಡೇಟ್ ಆಂಡ್ ಟೈಮ್‌ಗೆ ಹೋಗಿ ಝೋನ್ ಸರಿ ಇದ್ಯಾ ನೋಡಿ ಆಮೇಲೆ ಸಿಂಕ್ ನೌ ಒತ್ತಿ, ನೆಟ್‌ನಿಂದ ಸರಿಯಾದ ಟೈಮ್ ತಗೊಳ್ಳುತ್ತೆ. ಎರರ್ ಬಂದ್ರೆ ಸ್ಟಾರ್ಟ್ ಮೆನುನಲ್ಲಿ ಸರ್ವೀಸಸ್ ಅಂತ ಹುಡುಕಿ ವಿಂಡೋಸ್ ಟೈಮ್ ಅನ್ನೋ ಸರ್ವೀಸ್ ಓಡ್ತಿದ್ಯಾ ನೋಡಿ, ಡಿಸೇಬಲ್ ಆಗಿದ್ರೆ ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡಿ. ಸಿಂಕ್ ಆಗೋಕೆ ಎನ್‌ಟಿಪಿ ಅನ್ನೋ ಪದ್ಧತಿ, ಅದಕ್ಕೆ ಯುಡಿಪಿ 123ನೇ ಪೋರ್ಟ್ ಬೇಕು, ಕೆಲವು ಆಫೀಸ್ ಕಾಲೇಜ್ ವೈಫೈಗಳಲ್ಲಿ ಅದನ್ನ ಬ್ಲಾಕ್ ಮಾಡಿರ್ತಾರೆ. ಡೌಟ್ ಇದ್ರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಟ್ರೈ ಮಾಡಿ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಮಾಮೂಲಿ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ರೆ ಟೈಮ್ ಸರ್ವೀಸ್ ಅದನ್ನ ಸರಿ ಮಾಡೋಕೆ ಹೋಗಲ್ಲ, ಡೀಫಾಲ್ಟ್ ಇರೋದೇ ಹಾಗೆ. ಡೇಟ್ ವರ್ಷಗಟ್ಟಲೆ ಹಿಂದೆ ಹೋಗಿದ್ರೆ ಎಷ್ಟು ಸಲ ಸಿಂಕ್ ಒತ್ತಿದ್ರೂ ಆಗ್ದೇ ಇರೋದು ಇದಕ್ಕೇ. ಮೊದ್ಲು ಕೈಯಿಂದ ಡೇಟ್ ಸೆಟ್ ಮಾಡಿ, ಆಮೇಲೆ ಸಿಂಕ್. ಅಲ್ಲೀವರೆಗೂ ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆ, ಇನ್ನೂ ಶುರುವೇ ಆಗಿಲ್ಲ ಅಂತೆಲ್ಲ ಕಿರಿಕಿರಿ ಮಾಡುತ್ತೆ, ಅದು ವೈರಸ್ ಅಲ್ಲ, ಹೆದರ್ಬೇಡಿ.

ವಿಂಡೋಸು ಲಿನಕ್ಸು ಎರಡೂ ಹಾಕ್ಕೊಂಡಿರೋರಿಗೆ ಬೇರೆ ತಕರಾರು. ವಿಂಡೋಸ್ ಆರ್‌ಟಿಸಿಯಲ್ಲಿ ಲೋಕಲ್ ಟೈಮ್ ಬರೆಯುತ್ತೆ, ಲಿನಕ್ಸ್ ಅದನ್ನ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆಗಿರೋ ಟೈಮ್) ಅಂತ ಓದುತ್ತೆ, ಒಂದರಿಂದ ಇನ್ನೊಂದಕ್ಕೆ ಹೋದಾಗೆಲ್ಲ ಝೋನ್ ಎಷ್ಟಿದ್ಯೋ ಅಷ್ಟೇ ಗಂಟೆ ಕರೆಕ್ಟಾಗಿ ತಪ್ಪುತ್ತೆ. ಇಬ್ರಲ್ಲಿ ಒಬ್ರನ್ನ ಒಪ್ಪಿಸ್ಬೇಕು ಅಷ್ಟೇ. ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಡೋ ಜಾಗ) ಯುಟಿಸಿ ಒಪ್ಕೊಳ್ಳೋ ಹಾಗೆ ಮಾಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ರಿಜಿಸ್ಟ್ರಿ ಮುಟ್ಟೋಕೆ ಭಯ ಇದ್ರೆ ಲಿನಕ್ಸ್‌ನಲ್ಲೇ ಲೋಕಲ್ ಟೈಮ್‌ಗೆ ಬದಲಾಯಿಸ್ಬಹುದು, ಟೈಮ್‌ಡೇಟ್‌ಸಿಟಿಎಲ್ (timedatectl) ಕಮಾಂಡ್‌ನಲ್ಲೇ ಅದಕ್ಕೆ ಆಪ್ಶನ್ ಇದೆ.

ಸರಿ, ಬ್ಯಾಟರಿದೇ ತಪ್ಪು ಅಂತ ಖಾತ್ರಿ ಆಯ್ತು ಅನ್ಕೊಳ್ಳಿ. ಬಿಚ್ಚೋಕೆ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿಡೋ ವಿಂಡೋಸ್ ಸೌಲಭ್ಯ) ಆನ್ ಇದ್ಯಾ ನೋಡಿ, ಇದ್ರೆ ಅದನ್ನ ತೆಗೆಯೋ 48 ಅಂಕಿಯ ರಿಕವರಿ ಕೀ ಬರೆದಿಟ್ಕೊಳ್ಳಿ. ಬಯೋಸ್ ಸೆಟ್ಟಿಂಗ್ಸ್ ಅಳಿಸಿಹೋದ್ರೆ ವಿಂಡೋಸ್ ಆ ಕೀ ಕೇಳ್ಬಹುದು, ಕೀ ಇಲ್ದಿದ್ರೆ ಟೈಮ್ ಸರಿ ಮಾಡೋಕೆ ಹೋಗಿ ಫೈಲ್‌ಗಳನ್ನೇ ಕಳ್ಕೊಂಡಂಗೆ. ಆಮೇಲೆ ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನ್ಯುಯಲ್ ತೆಗೆದು ನೋಡಿ. ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಸಿಆರ್2032 ಅನ್ನೋ 3 ವೋಲ್ಟ್ ಬಟನ್ ಸೆಲ್ ಹೋಲ್ಡರ್‌ನಲ್ಲಿ ಕೂತಿರುತ್ತೆ, ಕೈಯಲ್ಲೇ ತೆಗೀಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಅದೇ ಥರದ ಸೆಲ್‌ಗೆ ಎರಡು ವೈರ್ ಹಚ್ಚಿ, ಪ್ಲಾಸ್ಟಿಕ್ ಕವರ್ ಸುತ್ತಿ, ಚಿಕ್ಕ ಕನೆಕ್ಟರ್ ಕೊಟ್ಟಿರ್ತಾರೆ, ಹಾಗಾಗಿ ಕನೆಕ್ಟರ್ ಸಮೇತ ಇರೋದನ್ನೇ ತಗೋಬೇಕು. ಬರೀ ಸೆಲ್ ತಂದು ವೈರ್ ಬೆಸುಗೆ ಹಾಕೋಕೆ ಹೋಗ್ಬೇಡಿ, ಲಿಥಿಯಂ ಸೆಲ್‌ಗೆ ಬಿಸಿ ತಾಗಿದ್ರೆ ಸಿಡೀಬಹುದು. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಲ್ಲೇ ಇರಲ್ಲ, ಮೇನ್ ಬ್ಯಾಟರಿನೇ ಗಡಿಯಾರಕ್ಕೂ ಪವರ್ ಕೊಡೋದು, ಅಂಥದ್ದರಲ್ಲಿ ಬ್ಯಾಟರಿ ಪೂರ್ತಿ ಖಾಲಿ ಆಗಿ ವಾರಗಟ್ಟಲೆ ಬಿದ್ದಿದ್ರೆ ಡೇಟ್ ಹೋಗೇ ಹೋಗುತ್ತೆ.

ಚೇಂಜ್ ಮಾಡೋವಾಗ ಚಾರ್ಜರ್ ತೆಗ್ದು, ಮೇನ್ ಬ್ಯಾಟರಿ ಕನೆಕ್ಟರ್ ಬಿಡಿಸಿ ಆಮೇಲೆನೇ ಸೆಲ್ ಮುಟ್ಟಿ. ವೈರ್ ಹಿಡಿದು ಎಳೀಬೇಡಿ, ಕನೆಕ್ಟರ್‌ನ ಪ್ಲಾಸ್ಟಿಕ್ ಅಂಚಿಗೆ ಉಗುರು ಕೊಟ್ಟು ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿದ್ರೆ ಬರುತ್ತೆ. ತೆಗೆದ ಹಳೇ ಸೆಲ್ಲನ್ನ ಮೇಜಿನ ಮೇಲೆ ಬಿಡ್ಬೇಡಿ, ಮಕ್ಕಳು ನುಂಗಿದ್ರೆ ಒಂದೆರಡು ಗಂಟೇಲೇ ಅನ್ನನಾಳ ಸುಟ್ಟುಬಿಡುತ್ತೆ, ತಮಾಷೆ ಅಲ್ಲ.

ಹೊಸದು ಹಾಕಿದ್ಮೇಲೆ ಬಯೋಸ್‌ನಲ್ಲಿ ಟೈಮ್ ಸೆಟ್ ಮಾಡಿ ರಾತ್ರಿ ಟೆಸ್ಟ್ ಇನ್ನೊಂದು ಸಲ ಮಾಡಿ. ಆಗ್ಲೂ ಹಿಂದೆ ಬಿದ್ರೆ ಬೋರ್ಡ್ ಮೇಲಿನ ಕ್ರಿಸ್ಟಲ್ಲೋ ಸರ್ಕ್ಯೂಟ್ಟೋ ಕೆಟ್ಟಿರ್ಬಹುದು. ದಿನಕ್ಕೆ ಹತ್ತಿಪ್ಪತ್ತು ನಿಮಿಷಕ್ಕೋಸ್ಕರ ಬೋರ್ಡ್ ರಿಪೇರಿಗೆ ದುಡ್ಡು ಸುರಿಯೋದು ನನಗಂತೂ ದಂಡ ಅನ್ಸುತ್ತೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಲಾಗಿನ್ ಆದ ತಕ್ಷಣ ಟೈಮ್ ಸಿಂಕ್ ಆಗೋ ಥರ ಒಂದು ಟಾಸ್ಕ್ ಹಾಕಿಟ್ರೆ ನೆಟ್ ಇರೋವಷ್ಟು ದಿನ ಗೊತ್ತೇ ಆಗಲ್ಲ.