ರೊಟ್ಟಿ ಬಡಿಯದ ದಿನಗಳು

ಕೀಮೋ ಶುರುವಾದಾಗ ನನ್ನ ದೊಡ್ಡ ಚಿಂತೆ ಕೂದಲಿನದಲ್ಲ, ರೊಟ್ಟಿಯದು. ಕಲಬುರಗಿಯ ನಮ್ಮ ಮನೆಗೆ ದಿನಕ್ಕೆ 20 ಜೋಳದ ರೊಟ್ಟಿ ಬೇಕು. 30 ವರ್ಷ ನಾನೇ ಬಡಿದವಳು.

ನನ್ನದು ಸ್ತನ ಕ್ಯಾನ್ಸರ್. ಮೊದಲ ನಾಲ್ಕು ಸಲ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಎರಡು ಕೀಮೋ ಔಷಧಿ, 21 ದಿನಕ್ಕೊಮ್ಮೆ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ, ಮೂತ್ರವೂ ಕೆಂಪಗೆ ಬರುತ್ತದೆ. ನರ್ಸ್ ಮೊದಲೇ ಹೇಳಿರದಿದ್ದರೆ ರಕ್ತ ಅಂದುಕೊಂಡು ಕಂಗಾಲಾಗುತ್ತಿದ್ದೆ. ಮೂರನೇ ದಿನದಿಂದ ಮೈ ಏಳುತ್ತಲೇ ಇರಲಿಲ್ಲ. ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಒಳಗೆ ಬೈಗುಳ ಶುರು: 'ಎಷ್ಟ್ ದಿನ ಬಿದ್ಕೊಂಡಿರ್ತಿ? ಮಂದಿಗೆ ಭಾರ ಆಗಿದಿ.' ಮನೆಯಲ್ಲಿ ಯಾರೂ ಹಾಗೆ ಅಂದವರಲ್ಲ.

ಎರಡನೇ ಸಲ ಡ್ರಿಪ್ ಹಾಕಿದಾಗ ಪಕ್ಕದ ಹಾಸಿಗೆಯಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಅಳುತ್ತಿದ್ದಳು, ಹತ್ತಿ ಬಿಡಿಸಲು ಹೋಗಲಾಗುತ್ತಿಲ್ಲ ಅಂತ. 'ಹತ್ತಿ ಎಲ್ಲಿಗೂ ಓಡಿ ಹೋಗಂಗಿಲ್ಲ ಬಿಡವ್ವ, ಈಗ ಮೈ ನೋಡ್ಕೊ' ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು. ಈ ಮಾತನ್ನು ನನಗೆ ನಾನು ಒಂದು ಸಲವೂ ಹೇಳಿಕೊಂಡಿರಲಿಲ್ಲ, ಅಲ್ವಾ?

ಆಪ್ತಸಮಾಲೋಚಕಿಗೆ ಹೇಳಿದೆ. ಬೇರೆಯವರಿಗೆ ಹೇಳುವ ಸಮಾಧಾನವನ್ನು ತನಗೂ ಹೇಳಿಕೊಳ್ಳುವುದಕ್ಕೆ ಸ್ವಕರುಣೆ ಅಂತ ಹೆಸರಂತೆ. ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲೇ ಪ್ರಕಟಿಸಿದ್ದಾರೆ. ಸ್ವಕರುಣೆ ಅಂದರೆ ನೋವನ್ನು ಇದ್ದ ಹಾಗೆ ಗುರುತಿಸುವುದು, ಇದು ನನ್ನೊಬ್ಬಳಿಗೇ ಬಂದದ್ದಲ್ಲ ಎಂದು ನೆನೆಯುವುದು, ತನಗೆ ತಾನೇ ಮೆತ್ತಗೆ ಮಾತಾಡುವುದು. ನನ್ನ ಕೈಯಲ್ಲಿ ಅದು ಹೀಗಾಯಿತು: ಬೈಗುಳ ಶುರುವಾದರೆ ಎದೆ ಮೇಲೆ ಕೈಯಿಟ್ಟು 'ಇವತ್ತು ಸುಸ್ತಾಗ್ಯದ. ಆ ಯಾದಗಿರಿಯಾಕಿಗೂ ಹಿಂಗೇ ಆಗಿರ್ತದ. ಮಲಗವ್ವ' ಅನ್ನುತ್ತಿದ್ದೆ. ಮೊದಮೊದಲು ನಾಟಕ ಅನ್ನಿಸಿತು. ಆದರೂ ದಿನಕ್ಕೊಬ್ಬರು ಬಂದು 'ಧೈರ್ಯ ತಗೊ' ಅಂದು ಚಹಾ ಕುಡಿದು ಹೋಗುವುದಕ್ಕಿಂತ ವಾಸಿ.

ಇದರಿಂದ ವಾಂತಿ ನಿಲ್ಲಲಿಲ್ಲ, ಅದಕ್ಕೆ ಮಾತ್ರೆಯೇ ಬೇಕು. ಬದಲಾದದ್ದು ಬೇರೆ. ಮೂರನೇ ಸಲದ ಹತ್ತನೇ ದಿನ, ರಾತ್ರಿ ಹನ್ನೊಂದಕ್ಕೆ, ಜ್ವರ 100.4 ಡಿಗ್ರಿ ದಾಟಿತು. ಆ ದಿನಗಳಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ತಳ ಕಂಡಿರುತ್ತವೆ, ಬೆಳಗಿನ ತನಕ ಕಾಯಬಾರದು. ಮೊದಲಾಗಿದ್ದರೆ ಮಗನ ನಿದ್ದೆ ಯಾಕೆ ಕೆಡಿಸಲಿ ಅಂತ ಸುಮ್ನೆ ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತಿದ್ದೆ. ಅವತ್ತು ಎಬ್ಬಿಸಿದೆ. ಐದು ದಿನ ಆಸ್ಪತ್ರೆ, ಡ್ರಿಪ್‌ನಲ್ಲಿ ಆಂಟಿಬಯೋಟಿಕ್.

ಈಗ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ನಡೆದಿದೆ. ಬೆರಳ ತುದಿ ಜೋಮು ಹಿಡಿದಿದೆ, ಹಂಚಿನ ಬಿಸಿ ತಿಳಿಯುವುದಿಲ್ಲ. ಹಾಗಾಗಿ ಒಲೆ ಹತ್ತಿರ ಹೋಗುವುದಿಲ್ಲ. ಬಿಸಿಲು ಏರಿದ ಮಧ್ಯಾಹ್ನ ಮಲಗಿದ್ದಾಗ ಹಳೆಯ ಬೈಗುಳ ಈಗಲೂ ಬರುತ್ತದೆ. ಸೊಸೆಯ ರೊಟ್ಟಿ ಸ್ವಲ್ಪ ದಪ್ಪ. ಹಾಲಲ್ಲಿ ನೆನೆಸಿಕೊಂಡು ತಿನ್ನುತ್ತೇನೆ.