ಕೆಂಪು ಚಪ್ಪಟೆ ಹುಳ: ಸೈಫನ್ ಮೊದಲು, ಔಷಧಿ ಆಮೇಲೆ

ಉಪ್ಪುನೀರಿನ ಟ್ಯಾಂಕ್‌ನಲ್ಲಿ ಮರಳಿನ ಮೇಲೂ ಕಲ್ಲಿನ ಬೆಳಕು ಬೀಳುವ ಮಗ್ಗುಲಲ್ಲೂ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡರೆ ಹೆಚ್ಚಿನವರು ಪಾಚಿ ಎಂದುಕೊಂಡು ಸುಮ್ಮನಾಗುತ್ತಾರೆ. ಗುರುತು ಹಿಡಿಯುವುದು ಸುಲಭ. ಸೂಜಿ ತೆಗೆದ 20 ಎಂಎಲ್ ಸಿರಿಂಜ್‌ನಿಂದ ಆ ಜಾಗಕ್ಕೆ ಮೆಲ್ಲಗೆ ನೀರು ಬಿಡಿ. ಪಾಚಿಯಾದರೆ ಪುಡಿಪುಡಿಯಾಗಿ ಹಾರಿಹೋಗುತ್ತದೆ. ಹುಳವಾದರೆ ಇಡೀ ದೇಹ ಎಲೆಯಂತೆ ಎದ್ದು, ಮಡಚಿಕೊಂಡು ತೇಲಿ, ಇನ್ನೊಂದು ಕಡೆ ಹೋಗಿ ಅಂಟಿಕೊಳ್ಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ 2ರಿಂದ 5 ಮಿಲಿಮೀಟರ್ ಉದ್ದದ ಚಪ್ಪಟೆ ದೇಹ, ಹಿಂತುದಿಯಲ್ಲಿ ಬಾಲದಂಥ ಸಣ್ಣ ಕವಲುಗಳು ಕಾಣುತ್ತವೆ. ಹವ್ಯಾಸಿಗಳು ‘ರೆಡ್ ಪ್ಲನೇರಿಯಾ’ ಎನ್ನುವುದು ಇದನ್ನೇ. ನಿಜದಲ್ಲಿ ಇದು ಪ್ಲನೇರಿಯಾ ಅಲ್ಲ, ಕಾನ್ವಲ್ಯುಟ್ರಿಲೋಬಾ ಕುಲದ ಹುಳ.

ಈ ಹುಳ ಹವಳವನ್ನು ಕಚ್ಚಿ ತಿನ್ನುವುದಿಲ್ಲ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ, ಬೆಳಕಿನಿಂದಲೇ ಅರ್ಧ ಹೊಟ್ಟೆ ತುಂಬುತ್ತದೆ. ಉಳಿದದ್ದಕ್ಕೆ ಸೀಗಡಿ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳನ್ನು ಹಿಡಿಯುತ್ತದೆ. ಜೊತೆ ಬೇಡದೆ ಮೈಯಿಂದಲೇ ಮರಿ ಒಡೆಯುತ್ತದೆ, ಆದ್ದರಿಂದ ಒಂದೇ ಒಂದು ಹುಳ ಒಳಗೆ ಬಂದರೂ ಸಾಕು. ಹೆಚ್ಚಾದಾಗ ಮೆದು ಹವಳ, ಅಂದರೆ ಸಾಫ್ಟ್ ಕೋರಲ್‌ಗಳ ಮೇಲೆ ಹಾಸಿದಂತೆ ಕೂತು ಬೆಳಕು ತಡೆಯುತ್ತದೆ, ಹವಳದ ಹೂವಿನಂಥ ಬಾಯಿಗಳಾದ ಪಾಲಿಪ್‌ಗಳು ತೆರೆಯುವುದಿಲ್ಲ. ಆದರೂ ದೊಡ್ಡ ಅಪಾಯ ಹುಳ ಬದುಕಿರುವಾಗ ಅಲ್ಲ, ಸಾಯುವಾಗ. ದೇಹ ಒಡೆದರೆ ಕಂದುಗೆಂಪು ರಸ ಹೊರಬರುತ್ತದೆ, ಅದು ಮೀನಿಗೆ ವಿಷ. ಹತ್ತಿಪ್ಪತ್ತು ಹುಳ ಸತ್ತರೆ ಏನೂ ಆಗದು. ಸಾವಿರಾರು ಒಟ್ಟಿಗೆ ಸತ್ತರೆ ಒಂದು ಗಂಟೆಯೊಳಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ. ‘ಔಷಧಿ ಹಾಕಿದೆ, ಮೀನೆಲ್ಲ ಸತ್ತವು’ ಎಂಬ ದೂರುಗಳ ಹಿಂದೆ ಬಹುಪಾಲು ಇರುವುದು ಔಷಧಿಯಲ್ಲ, ಈ ರಸ. ಅದಕ್ಕೇ ನನ್ನ ಕ್ರಮದಲ್ಲಿ ಮುಕ್ಕಾಲು ಕೆಲಸ ಔಷಧಿಯ ಸೀಸೆ ತೆರೆಯುವ ಮೊದಲೇ ಮುಗಿದಿರಬೇಕು.

ಮೊದಲು ನೀರಿನ ಲೆಕ್ಕ. ನಾಲ್ಕು ಅಡಿ ಟ್ಯಾಂಕ್ ಎಂದರೆ ಹೊರ ಅಳತೆ 120×45×45 ಸೆಂಟಿಮೀಟರ್. ಒಂದು ಸೆಂಟಿಮೀಟರ್ ದಪ್ಪದ ಗಾಜು ಕಳೆದು, ನೀರು ನಿಲ್ಲುವ ಎತ್ತರ 40 ಎಂದು ಹಿಡಿದರೆ 118×43×40, ಅಂದರೆ ಸುಮಾರು 203 ಲೀಟರ್. ಟ್ಯಾಂಕ್‌ನ ಕೆಳಗಿಡುವ ಫಿಲ್ಟರ್ ತೊಟ್ಟಿಯಾದ ಸಂಪ್‌ನಲ್ಲಿ 60×35 ಅಗಲಕ್ಕೆ 22 ಸೆಂಟಿಮೀಟರ್ ನೀರಿದ್ದರೆ 46 ಲೀಟರ್. 20 ಕೆಜಿ ಕಲ್ಲು ಮತ್ತು 15 ಕೆಜಿ ಮರಳು ಸೇರಿ 13 ಲೀಟರ್‌ನಷ್ಟು ಜಾಗ ತಿನ್ನುತ್ತವೆ. ಉಳಿದದ್ದು 236. ಅದೇ ಹೊರ ಅಳತೆಯನ್ನೇ ಗುಣಿಸಿ, ಸಂಪನ್ನೂ ತುಂಬಿದ ಲೆಕ್ಕಕ್ಕೆ ಹಿಡಿದರೆ 300 ದಾಟುತ್ತದೆ, ಔಷಧಿಯೂ ಅಷ್ಟೇ ಪಾಲು ಹೆಚ್ಚಾಗುತ್ತದೆ. ಹಾಗಾಗಿ ಟೇಪ್ ಹಿಡಿದು ಒಳ ಅಳತೆ ತೆಗೆದು ಬರೆದಿಟ್ಟುಕೊಳ್ಳಿ.

ಆಮೇಲೆ ಸೈಫನ್, ಅಂದರೆ ಟ್ಯೂಬಿನಿಂದ ಹುಳವನ್ನು ನೀರಿನ ಸಮೇತ ಕೆಳಗಿನ ಬಕೆಟ್‌ಗೆ ಎಳೆಯುವುದು. ಏರ್ ಪಂಪ್‌ಗೆ ಹಾಕುವ 4 ಮಿಲಿಮೀಟರ್ ಒಳವ್ಯಾಸದ ಟ್ಯೂಬ್ ಸಾಕು. ದಪ್ಪ ಪೈಪ್ ಹಾಕಿದರೆ ಹುಳಕ್ಕಿಂತ ನೀರೇ ಹೆಚ್ಚು ಹೋಗುತ್ತದೆ, ಮರಳೂ ಏಳುತ್ತದೆ. ಟ್ಯೂಬಿನ ತುದಿಯನ್ನು ಗಟ್ಟಿ ಪ್ಲಾಸ್ಟಿಕ್ ಕಡ್ಡಿಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿದರೆ ಪೆನ್ನಿನಂತೆ ಹಿಡಿದು ಒಂದೊಂದೇ ಹುಳದ ಹತ್ತಿರ ಒಯ್ಯಬಹುದು. ದೀಪ ಹತ್ತಿ ಒಂದೆರಡು ಗಂಟೆಯಾದ ಮೇಲೆ ಹುಳಗಳು ಬೆಳಕಿಗೆ ಬಂದು ಹರಡಿಕೊಂಡಿರುತ್ತವೆ, ಅದೇ ಒಳ್ಳೆಯ ಹೊತ್ತು. ಪಂಪ್‌ಗಳನ್ನು ನಿಲ್ಲಿಸಿ, ನೀರಿನ ಹರಿವು ಕಡಿಮೆ ಇರುವ ಮೂಲೆಗಳಿಂದ ಶುರುಮಾಡಿ. ಹುಳವನ್ನು ಉಗುರಿನಿಂದಲೋ ಬ್ರಶ್‌ನಿಂದಲೋ ಕೆರೆಯಬೇಡಿ, ಒಡೆದರೆ ರಸ ಅಲ್ಲೇ ಉಳಿಯುತ್ತದೆ.

ಹತ್ತು ಲೀಟರ್ ಬಕೆಟ್ ತುಂಬಲು ಹತ್ತು ಹದಿನೈದು ನಿಮಿಷ ಬೇಕು. ಆ ನೀರನ್ನು ಬಟ್ಟೆಯಲ್ಲಿ ಸೋಸಿ ಟ್ಯಾಂಕ್‌ಗೆ ವಾಪಸ್ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ, ಟ್ಯೂಬಿನಲ್ಲಿ ಉಜ್ಜಿಕೊಂಡು ಬಂದ ಹುಳಗಳ ರಸ ಅದರಲ್ಲಿ ಇರುತ್ತದೆ. ಬದಲಿಗೆ ಹೊಸ ಉಪ್ಪುನೀರು. ಲೀಟರಿಗೆ 37 ಗ್ರಾಂ ಆಸುಪಾಸು ಸಾಲ್ಟ್ ಮಿಕ್ಸ್ ಹಾಕಿ, ಹಿಂದಿನ ದಿನವೇ ಪಂಪ್ ಬಿಟ್ಟು ಕಲಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ನೋಡಿಕೊಳ್ಳುವುದು. ಇಲ್ಲೊಂದು ಮಾತು: ಅಡುಗೆಮನೆಯ ಆರ್‌ಓ ಯಂತ್ರದ ನೀರು ಇದಕ್ಕೆ ಆಗದು. ರುಚಿಗೆಂದು ಅದರಲ್ಲಿ ಕಚ್ಚಾ ನೀರನ್ನೋ ಖನಿಜವನ್ನೋ ಬೆರೆಸಿರುತ್ತಾರೆ. ಬೋರ್‌ವೆಲ್ ನೀರಿನ ಮನೆಯಲ್ಲಂತೂ ಉಳಿದ ಲವಣವನ್ನೂ ತೆಗೆಯುವ ಡಿಐ ಕಾರ್ಟ್ರಿಜ್ ಇರುವ ಪ್ರತ್ಯೇಕ ಆರ್‌ಓ ಬೇಕೇ ಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಹೀಗೆ ದಿನ ಬಿಟ್ಟು ದಿನ ಎಳೆದು, ಹುಳಗಳು ಹುಡುಕಿದರೆ ಮಾತ್ರ ಕಾಣುವಷ್ಟಕ್ಕೆ ಇಳಿದ ಮೇಲೆ ಔಷಧಿಯ ಮಾತು. ಕಡಿಮೆ ಹುಳ ಇರುವ ಟ್ಯಾಂಕ್‌ನಲ್ಲಿ ಸೈಫನ್ ಮತ್ತು ಹೆಚ್ಚಿನ ಹರಿವಿನಿಂದಲೇ ಹತೋಟಿಗೆ ಬಂದದ್ದೂ ಉಂಟು. ದೀಪವನ್ನು ಮೂರು ದಿನ ಆರಿಸಿಡುವ ಉಪಾಯವನ್ನು ನಾನು ನಂಬುವುದಿಲ್ಲ. ಹುಳ ಸೊರಗುತ್ತದೆ, ಸಾಯುವುದಿಲ್ಲ. ಕೋರಲ್ ಕೂಡ ಸೊರಗುತ್ತದೆ.

ಔಷಧಿ ಎಂದರೆ ನಾನು ಬಳಸುವುದು ಸ್ಯಾಲಿಫರ್ಟ್‌ನ ಫ್ಲ್ಯಾಟ್‌ವರ್ಮ್ ಎಕ್ಸಿಟ್. ಪ್ರಮಾಣ ಸೀಸೆಯ ಜೊತೆಗಿನ ಚೀಟಿಯಲ್ಲಿ ಇರುವಷ್ಟೇ. ಮೊದಲು ಒಂದು ಲೀಟರ್ ಟ್ಯಾಂಕ್ ನೀರನ್ನು ಜಾಡಿಯಲ್ಲಿ ತೆಗೆದುಕೊಂಡು, ಹತ್ತು ಹುಳ ಬಿಟ್ಟು, ಅದೇ ಅನುಪಾತದಲ್ಲಿ ಹಾಕಿ ನೋಡುತ್ತೇನೆ. ಸಾಯದಿದ್ದರೆ ಸೀಸೆ ಹಳೆಯದು, ಇಲ್ಲವೇ ಹುಳ ಬೇರೆ ಜಾತಿಯದು. ಎರಡರಲ್ಲಿ ಯಾವುದಾದರೂ ಇಡೀ ಟ್ಯಾಂಕ್‌ಗೆ ಸುರಿದು ತಿಳಿಯುವುದಕ್ಕಿಂತ ಜಾಡಿಯಲ್ಲಿ ತಿಳಿಯುವುದು ಲೇಸು.

ಬದಲಿ ಔಷಧಿಗಳ ಬಗ್ಗೆ ಎಚ್ಚರ. ಪಶು ಔಷಧಿ ಅಂಗಡಿಯಲ್ಲಿ ಸಿಗುವ ಲೆವಾಮಿಸೋಲ್ ದ್ರಾವಣದಲ್ಲಿ ಅನೇಕ ಸಲ ಆಕ್ಸಿಕ್ಲೋಜನೈಡ್ ಕೂಡ ಬೆರೆತಿರುತ್ತದೆ. ಅದು ದನದ ಹೊಟ್ಟೆಗೆ ಮಾಡಿದ್ದು, ಹವಳದ ಟ್ಯಾಂಕ್‌ಗೆ ಅಲ್ಲ. ಫೆನ್‌ಬೆಂಡಜೋಲ್ ಬಸವನಹುಳಗಳನ್ನೂ ಕೆಲವು ಸಾಫ್ಟ್ ಕೋರಲ್‌ಗಳನ್ನೂ ಕೊಲ್ಲುತ್ತದೆ, ಕಲ್ಲಿನೊಳಗಿನ ಒಳ್ಳೆಯ ಹುಳಗಳೂ ಸತ್ತು ಕೊಳೆತು ಅಮೋನಿಯಾ ಏರುತ್ತದೆ. ಪ್ರಾಜಿಕ್ವಾಂಟೆಲ್ ಅನ್ನು ಲೀಟರಿಗೆ 2ರಿಂದ 2.5 ಮಿಲಿಗ್ರಾಂನಂತೆ ಹಾಕುವುದು ಮೀನಿನ ಕಿವಿರು, ಚರ್ಮಕ್ಕೆ ಅಂಟುವ ಪರಾವಲಂಬಿ ಹುಳಗಳಾದ ಫ್ಲೂಕ್‌ಗಳಿಗೆ. ಕೆಂಪು ಹುಳಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ತಾಮ್ರದ ಔಷಧಿಯನ್ನು ಕಲ್ಲು, ಕೋರಲ್ ಇರುವ ಟ್ಯಾಂಕ್ ಬಳಿ ತರಲೇಬಾರದು.

ಹಾಕುವ ದಿನ ರಜೆಯಾಗಿರಲಿ, ಬೆಳಗ್ಗೆಯೇ ಆಗಲಿ. ಪತ್ರಿಕೆಯಲ್ಲಿ ಬರುವ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯಲ್ಲಿ ನಿಮ್ಮ ಬಡಾವಣೆ ಇಲ್ಲವೆಂದು ನೋಡಿಕೊಳ್ಳಿ, ಜೊತೆಗೆ ಬ್ಯಾಟರಿ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಸಿದ್ಧವಿರಬೇಕಾದದ್ದು: 60 ಲೀಟರ್ ಉಪ್ಪುನೀರು, ಅಂದರೆ ಕಾಲುಭಾಗ ಬದಲಾವಣೆಗೆ ಆಗುವಷ್ಟು, ಟ್ಯಾಂಕ್‌ನ ಉಷ್ಣಾಂಶದಲ್ಲೇ, ಆರ್‌ಓ ನೀರಿನಲ್ಲಿ ತೊಳೆದ 250 ಗ್ರಾಂ ಆಕ್ಟಿವೇಟೆಡ್ ಕಾರ್ಬನ್, ಸೈಫನ್, ಬಕೆಟ್‌ಗಳು. ಈಗಾಗಲೇ ಓಡುತ್ತಿರುವ ಕಾರ್ಬನ್ ಮತ್ತು ಯುವಿ ದೀಪ ನಿಲ್ಲಿಸಿ, ಗುಳ್ಳೆಗಳಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಆರಿಸಿ. ಏರ್ ಸ್ಟೋನ್ ಎರಡು ಇಳಿಬಿಡಿ, ಏಕೆಂದರೆ ಸ್ಕಿಮ್ಮರ್ ನಿಂತರೆ ಗಾಳಿ ಕಡಿಮೆಯಾಗುತ್ತದೆ. ಸಂಪ್‌ನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ ಓಡುತ್ತಿರಲಿ. ಓವರ್‌ಫ್ಲೋ ಪೆಟ್ಟಿಗೆ ಮತ್ತು ಸಂಪ್‌ಗೂ ಔಷಧಿ ಹೋಗದಿದ್ದರೆ ಅಲ್ಲಿ ಉಳಿದ ಹುಳಗಳೇ ಮತ್ತೆ ಮೇಲೇರುತ್ತವೆ.

ಅಳೆದ ಔಷಧಿಯನ್ನು ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಕಲಸಿ, ಹರಿವು ಜೋರಿರುವ ಕಡೆ ನಿಧಾನವಾಗಿ ಸುರಿಯಿರಿ. ಸ್ವಲ್ಪ ಹೊತ್ತಿನಲ್ಲೇ ಹುಳಗಳು ಸುರುಳಿಯಾಗಿ, ಹಿಡಿತ ಬಿಟ್ಟು ತೇಲತೊಡಗುತ್ತವೆ. ಈಗ ಕೂತು ನೋಡುವ ಹೊತ್ತಲ್ಲ. ತೇಲಿದ್ದನ್ನೆಲ್ಲ ಸೈಫನ್‌ನಿಂದ ಎಳೆಯುತ್ತಲೇ ಇರಬೇಕು, ಒಡೆಯುವ ಮೊದಲು ಹೊರಹೋದಷ್ಟೂ ವಿಷ ಕಡಿಮೆ. ಕಲ್ಲಿನ ಸಂದುಗಳಿಗೆ ಸಿರಿಂಜ್‌ನಿಂದ ನೀರು ಬಿಟ್ಟರೆ ಅಡಗಿದವೂ ಹೊರಬರುತ್ತವೆ. ನಡುವೆ ಮೀನಿನ ಉಸಿರಾಟ ಗಮನಿಸಿ. ಕಿವಿರು ಬೇಗಬೇಗ ಬಡಿಯತೊಡಗಿದರೆ, ನೀರಿಗೆ ಕಂದು ಛಾಯೆ ಬಂದರೆ, ಚೀಟಿಯಲ್ಲಿನ ಅವಧಿಗೆ ಕಾಯದೆ ಆ ಕ್ಷಣವೇ ಕಾರ್ಬನ್ ಹಾಕಿ, ನೀರು ಬದಲಿಸಿ. ಹುಳ ಉಳಿದರೆ ಇನ್ನೊಮ್ಮೆ ಹಾಕಬಹುದು.

ಅವಧಿ ಮುಗಿದ ಮೇಲೆ 60 ಲೀಟರ್ ಬದಲಾವಣೆ, ಕಾರ್ಬನ್, ಸ್ಕಿಮ್ಮರ್, ಇದೇ ಕ್ರಮ. ಸ್ಕಿಮ್ಮರ್ ಒಂದೆರಡು ದಿನ ಹುಚ್ಚಾಗಿ ಉಕ್ಕಬಹುದು, ಬಟ್ಟಲನ್ನು ಎತ್ತರಿಸಿಡಿ. ಎರಡು ಮೂರು ದಿನಕ್ಕೆ ಕಾರ್ಬನ್ ತೆಗೆದು ಹೊಸದು ಹಾಕಿ. ಒಂದು ವಾರದ ಬಳಿಕ ಎರಡನೆಯ ಸಲ, ಒಂದೂ ಹುಳ ಕಾಣದಿದ್ದರೂ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಈ ಹುಳದ ವಿಷಯದಲ್ಲಿ ಬಹಳ ಅಂತರ.

ಹುಳ ತಿನ್ನುವ ಮೀನು ತಂದರೆ ಸಾಲದೇ ಎಂದು ಕೇಳುವವರು ಬಹಳ. ಸಿಕ್ಸ್‌ಲೈನ್ ರ‍್ಯಾಸ್, ಹಳದಿ ಕೋರಿಸ್, ಮೆಲನುರಸ್ ರ‍್ಯಾಸ್‌ಗಳಲ್ಲಿ ಕೆಲವು ತಿನ್ನುತ್ತವೆ, ಕೆಲವು ಮೂಸಿಯೂ ನೋಡುವುದಿಲ್ಲ. ಸಿಕ್ಸ್‌ಲೈನ್ ಬೆಳೆದ ಮೇಲೆ ಹೊಸ ಮೀನುಗಳನ್ನು ಬಾಳಗೊಡುವುದಿಲ್ಲ. ಕೆಲೀಡೊನ್ಯೂರಾ ವೇರಿಯನ್ಸ್ ಎಂಬ ನೀಲಿಗೆರೆಯ ಕಡಲ ಸ್ಲಗ್‌ಗೆ ಇದೇ ಆಹಾರ, ಆದರೆ ಹುಳ ಮುಗಿದ ದಿನದಿಂದ ಅದಕ್ಕೆ ಉಪವಾಸ. ಹಾಗಾಗಿ ನಾನು ತರುವುದಿಲ್ಲ.

ಹುಳ ಬರುವುದು ಕೋರಲ್ ತುಂಡು ಅಂಟಿಸಿದ ಪುಟ್ಟ ಬಿಲ್ಲೆ, ಅಂದರೆ ಪ್ಲಗ್‌ನ ಜೊತೆಗೆ. ತಂದ ತುಂಡನ್ನು ಪ್ಲಗ್‌ನಿಂದ ಬಿಡಿಸಿ, ಪ್ಲಗ್ ಎಸೆದು, ಹುಳ ಬಿಡಿಸುವ ದ್ರಾವಣವಾದ ಕೋರಲ್ ಡಿಪ್‌ನಲ್ಲಿ ಅದ್ದಿ, ಸಿರಿಂಜ್‌ನಿಂದ ತೊಳೆದು, 20 ಲೀಟರಿನ ಖಾಲಿ ತಳದ ಟ್ಯಾಂಕ್‌ನಲ್ಲಿ ಬೇರೆಯಾಗಿ ಇಡುತ್ತೇನೆ. ತಳ ಬಿಳಿಯಾಗಿದ್ದರೆ ಹುಳ ತಾನಾಗಿ ಕಾಣುತ್ತದೆ. ಹವಳದ ಬಳಗದ ಜೊಯಾಂಥಿಡ್‌ಗಳನ್ನು ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷ ಇರಬಹುದು. ಅವು ಅಂಟಿದ ಕಲ್ಲನ್ನು ಹುಳ ಸಾಯಲೆಂದು ಕುದಿಸಿದರೆ ಹಬೆಯೇ ಮನೆಮಂದಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಮುರ್ಡೇಶ್ವರದ ಕಡೆ ಹೋದಾಗ ಸಮುದ್ರದಿಂದ ‘ಲೈವ್ ರಾಕ್’, ಅಂದರೆ ಜೀವಿಗಳು ಅಂಟಿದ ಹವಳದ ಕಲ್ಲು, ತರುವ ಯೋಚನೆಯೂ ಬೇಡ. ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯ ರಕ್ಷಣೆ ಇದೆ, ಹುಳಕ್ಕಿಂತ ದೊಡ್ಡ ತಲೆನೋವು ಅದು.

ಇನ್ನು ಬ್ರಿಸಲ್‌ವರ್ಮ್. ರಾತ್ರಿ ಟಾರ್ಚ್ ಹಾಕಿದಾಗ ಕಲ್ಲಿನ ಸಂದಿನಿಂದ ಇಣುಕುವ, ಎರಡೂ ಮಗ್ಗುಲಲ್ಲಿ ಬಿಳಿ ಮುಳ್ಳುಗೂದಲಿರುವ ಗುಲಾಬಿ ಹುಳವನ್ನು ಕೊಲ್ಲಲು ಹೊರಡಬೇಡಿ. ಉಳಿದ ಆಹಾರ, ಸತ್ತ ಬಸವನಹುಳ ತಿಂದು ಟ್ಯಾಂಕ್ ಚೊಕ್ಕಟ ಮಾಡುವುದು ಅದೇ. ಕೋರಲ್ ತಿನ್ನುವ ಕುಖ್ಯಾತ ಬೆಂಕಿಹುಳ ಹರ್ಮೋಡಿಸ್ ಅಟ್ಲಾಂಟಿಕ್, ಮೆಡಿಟರೇನಿಯನ್ ಕಡೆಯದು. ಹೆದರಬೇಕಾದದ್ದು ತಲೆಯ ಮೇಲೆ ಐದು ಮೀಸೆ, ಮೈಗೆ ಕಾಮನಬಿಲ್ಲಿನ ಹೊಳಪು ಇರುವ ಯೂನಿಸ್ ಗುಂಪಿನ ದೊಡ್ಡ ಹುಳಕ್ಕೆ. ಅದು ಕಂಡರೆ ಆ ಕಲ್ಲನ್ನೇ ಹೊರತೆಗೆದು ಬಕೆಟ್‌ನಲ್ಲಿಡಿ. ತುಂಡಾದರೆ ಉಳಿದ ಭಾಗ ಮತ್ತೆ ಬೆಳೆಯಬಹುದು, ಎಳೆಯಬೇಡಿ. ಬ್ರಿಸಲ್‌ವರ್ಮ್ ಅತಿಯಾಗಿದ್ದರೆ ಮೀನಿಗೆ ಹಾಕುವ ಆಹಾರ ಅತಿಯಾಗಿದೆ ಎಂದೇ ಅರ್ಥ. ಅದನ್ನು ಇಳಿಸಿ, ಜೊತೆಗೆ ಸಣ್ಣ ಪಿವಿಸಿ ಪೈಪಿನ ಒಂದು ತುದಿ ಮುಚ್ಚಿ ಒಳಗೆ ಸೀಗಡಿ ತುಂಡಿಟ್ಟು ದೀಪ ಆರಿದ ಮೇಲೆ ಮರಳಿನ ಮೇಲಿಡಿ, ಒಂದೆರಡು ಗಂಟೆ ಬಿಟ್ಟು ತೆಗೆಯಿರಿ. ಮುಳ್ಳುಗೂದಲು ಬೆರಳಿಗೆ ಚುಚ್ಚಿದರೆ ಉಜ್ಜದೆ, ಸೆಲ್ಲೋಟೇಪ್ ಒತ್ತಿ ಕಿತ್ತು, ಆಮೇಲೆ ವಿನೆಗರ್ ಹಚ್ಚಿ.